ಹೇನೂ ಹಣಿಗೆಯೂ

ನಾಲ್ಕು ಜನ ಸೇರಿದ ಕಡೆ ಆಡಬಾರದ ಮಾತುಗಳಲ್ಲಿ ಹೇನಿನ ಮಾತೂ ಒಂದು. ಸಕ್ಕರೆ ಕಾಯಿಲೆಯನ್ನು ನಾವು ಕೊಂಚ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತೇವೆ; ರಕ್ತದ ಒತ್ತಡ ಎಷ್ಟಿದೆಯೆಂಬುದನ್ನು ಅಂಕಿಗಳೊಡನೆ ವರ್ಣಿಸುತ್ತೇವೆ; ಶಸ್ತ್ರಚಿಕಿತ್ಸೆಯಾದವರು ಹೊಲಿಗೆಗಳ ಲೆಕ್ಕ ಕೊಡುವುದೂ ಉಂಟು. ಆದರೆ ಮನೆಯಲ್ಲಿ ಮಕ್ಕಳ ತಲೆಗೆ ಹೇನು ಹತ್ತಿದೆಯೆಂದು ಬಾಯಿಬಿಟ್ಟು ಹೇಳಿದ ಗೃಹಸ್ಥರನ್ನು ನಾನು ಇದುವರೆಗೆ ಕಂಡಿಲ್ಲ. ಹೇನು ಇಲ್ಲವೆಂದಲ್ಲ; ಹೇಳುವವರಿಲ್ಲ, ಅಷ್ಟೆ. ಔಷಧದ ಅಂಗಡಿಯಲ್ಲಿಯೂ ಆ ಸೀಸೆಯನ್ನು ಜನ ದನಿ ತಗ್ಗಿಸಿ ಕೇಳುತ್ತಾರೆ. ಇಷ್ಟೊಂದು ನಾಚಿಕೆಗೆ ಕಾರಣವಾದ ಈ ಕ್ಷುದ್ರ ಜಂತುವಿಗೆ ದೊಡ್ಡದೊಂದು ಚರಿತ್ರೆಯಿದೆ. ಅದನ್ನು ಓದುತ್ತ ಹೋದಂತೆ ನನಗೆ ತೋರಿದ್ದೇನೆಂದರೆ, ಹೇನು ಮನುಷ್ಯನಷ್ಟೇ ಹಳೆಯದು, ನಾಚಿಕೆ ಬಹುಮಟ್ಟಿಗೆ ಈಚಿನದು.

೨೦೧೬ರಲ್ಲಿ ಇಸ್ರೇಲ್ ದೇಶದ ಲಾಖೀಶ್ ಎಂಬ ಪ್ರಾಚೀನ ಪಟ್ಟಣದ ದಿಬ್ಬವನ್ನು ಅಗೆಯುತ್ತಿದ್ದವರಿಗೆ ಒಂದು ಪುಟ್ಟ ಹಣಿಗೆ ಸಿಕ್ಕಿತು. ಉದ್ದ ಮೂರೂವರೆ ಸೆಂಟಿಮೀಟರ್, ಅಗಲ ಎರಡೂವರೆ. ಆನೆಯ ದಂತದಲ್ಲಿ ಮಾಡಿದ್ದು. ಒಂದು ಕಡೆ ದಪ್ಪನಾದ ಆರು ಹಲ್ಲು, ಸಿಕ್ಕು ಬಿಡಿಸಲು. ಇನ್ನೊಂದು ಕಡೆ ಒತ್ತಾದ ಹದಿನಾಲ್ಕು ಹಲ್ಲು, ಹೇನು ತೆಗೆಯಲು. ಹಲ್ಲುಗಳೆಲ್ಲ ಯಾವ ಕಾಲದಲ್ಲಿಯೋ ಮುರಿದು ಬುಡ ಮಾತ್ರ ಉಳಿದಿದ್ದವು. ಅದರ ಮೈಮೇಲೆ ತೆಳುವಾಗಿ ಗೀರಿದ್ದ ಅಕ್ಷರಗಳು ಆಗ ಯಾರ ಕಣ್ಣಿಗೂ ಬೀಳಲಿಲ್ಲ. ಕೆಲವು ವರ್ಷಗಳ ತರುವಾಯ, ಹೇನಿನ ಅವಶೇಷವೇನಾದರೂ ಅಂಟಿಕೊಂಡಿದೆಯೇ ಎಂದು ಪರೀಕ್ಷಿಸುತ್ತಿದ್ದ ಸಂಶೋಧಕಿಯೊಬ್ಬರು ಅವನ್ನು ಗುರುತಿಸಿದರು. ೨೦೨೨ರಲ್ಲಿ ಅದರ ಓದು ಪ್ರಕಟವಾಯಿತು. ಒಟ್ಟು ಹದಿನೇಳು ಅಕ್ಷರ, ಏಳು ಶಬ್ದ. ಈ ದಂತವು ತಲೆಯ ಮತ್ತು ಗಡ್ಡದ ಹೇನುಗಳನ್ನು ಕಿತ್ತುಹಾಕಲಿ ಎಂಬುದು ಅದರ ತಾತ್ಪರ್ಯ. ಲಿಪಿಯ ಚಹರೆಯನ್ನು ನೋಡಿ ಇದು ಕ್ರಿ.ಪೂ. ೧೭೦೦ರ ಸುಮಾರಿನದೆಂದು ಓದಿದ ವಿದ್ವಾಂಸರು ನಿರ್ಣಯಿಸಿದ್ದಾರೆ. ಅಂದರೆ ಗ್ರೀಕ್, ರೋಮನ್, ಹೀಬ್ರೂ, ಅರಬ್ಬಿ ಲಿಪಿಗಳಿಗೆಲ್ಲ ಅಜ್ಜಿಯಾದ ಕನಾನೀಯ ಅಕ್ಷರಮಾಲೆಯಲ್ಲಿ ಇದುವರೆಗೆ ದೊರೆತಿರುವ ಅತ್ಯಂತ ಹಳೆಯ ಪೂರ್ಣ ವಾಕ್ಯ ಇದು. ನಮ್ಮ ಬ್ರಾಹ್ಮಿಗೂ ಆ ಮನೆತನದ ನಂಟುಂಟೆಂದು ವಾದಿಸುವವರಿದ್ದಾರೆ; ಆ ಜಗಳ ಇಲ್ಲಿ ಬೇಡ.

ಶಾಸನಗಳನ್ನು ಪಾಠ ಹೇಳುವ ಕಸುಬಿನವನಾದ ನನಗೆ ಇದನ್ನು ಓದಿ ಆದ ಸಂತೋಷ ಅಷ್ಟಿಷ್ಟಲ್ಲ. ಕ್ರಿ.ಶ. ಸುಮಾರು ೪೫೦ರದೆಂದು ಹೇಳುವ ನಮ್ಮ ಹಲ್ಮಿಡಿ ಶಾಸನ ಯುದ್ಧದಲ್ಲಿ ಪರಾಕ್ರಮ ತೋರಿದವನಿಗೆ ಊರು ಕೊಟ್ಟ ಸಂಗತಿಯನ್ನು ತಿಳಿಸುತ್ತದೆ. ಶಾಸನವೆಂದರೆ ಹಾಗೆಯೇ ಇರಬೇಕೆಂದು ನಾವು ನಂಬಿದ್ದೇವೆ: ದೊರೆ, ದಂಡು, ದಾನ, ಕೊನೆಗೆ ಶಾಪ. ಇಲ್ಲಿಯಾದರೋ ತಲೆ ಕೆರೆದುಕೊಳ್ಳುವ ಒಬ್ಬ ಮನುಷ್ಯ ಇದ್ದಾನೆ. ಅವನು ಬಡವನಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಆ ಕಾಲದಲ್ಲಿ ಕನಾನ್ ದೇಶದಲ್ಲಿ ಆನೆಗಳಿರಲಿಲ್ಲ. ದಂತ ಹೊರಗಿನಿಂದ, ಪ್ರಾಯಶಃ ಈಜಿಪ್ಟಿನಿಂದ, ಬರಬೇಕಾಗಿತ್ತು. ದಂತದ ಹಣಿಗೆ ಕೊಳ್ಳುವ ಶ್ರೀಮಂತನಿಗೆ ಹೇನಿತ್ತು. ಅದನ್ನು ಅವನು ಹಣಿಗೆಯ ಮೇಲೆ ಬರೆಸಿಕೊಂಡ. ಹಣಿಗೆಯ ನಡುಭಾಗ ಸ್ವಲ್ಪ ಸವೆದಿದೆಯಂತೆ, ಪ್ರಾಯಶಃ ಹಿಡಿದ ಬೆರಳುಗಳ ಒತ್ತಡದಿಂದ. ಒಂದು ಹಲ್ಲಿನ ಬುಡದಲ್ಲಿ ಎಳೆಯ ಹೇನಿನ ಸಿಪ್ಪೆಯೂ ದೊರೆತಿದೆ. ಹಾರೈಕೆ ವ್ಯರ್ಥವಾಗಲಿಲ್ಲವೆಂದು ಹೇಳಬೇಕು.

ಇನ್ನು ನಮ್ಮ ಮಾತಿಗೆ ಬರೋಣ. ತಮಿಳಿನವರು ಪೇನ್ ಎನ್ನುತ್ತಾರೆ, ಮಲಯಾಳದವರೂ ಪೇನ್, ತೆಲುಗಿನವರು ಪೇನು. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ ಕನ್ನಡದಲ್ಲಿ ಪೇನ್ ಹೇನಾಯಿತು. ಅದರ ಮೊಟ್ಟೆಗೆ ಈರು ಅಥವಾ ಸೀರು, ತಮಿಳಿನಲ್ಲಿಯೂ ಈರ್. ಸೀರು ತೆಗೆಯುವ ಒತ್ತು ಹಲ್ಲಿನ ಹಣಿಗೆಗೆ ಸೀರಣಿಗೆ. ನುಡಿಗಳು ಬೇರೆಯಾಗುವುದಕ್ಕೆ ಮೊದಲೇ ಈ ಶಬ್ದಗಳು ಒಲೆಯ ಮುಂದೆ, ಹಿತ್ತಲ ಜಗಲಿಯ ಮೇಲೆ ಓಡಾಡುತ್ತಿದ್ದವೆಂಬುದರಲ್ಲಿ ಸಂಶಯವಿಲ್ಲ. ನೀರಿಗೆ ಜಲವೆಂದೂ ಬೆಂಕಿಗೆ ಅಗ್ನಿಯೆಂದೂ ಹೇಳುವ ಪಂಡಿತರು ಕೂಡ ತಲೆ ತುರಿಸಿದಾಗ ಯೂಕೆ ಎಂದು ಹೇಳಿದ್ದನ್ನು ನಾನು ಕೇಳಿಲ್ಲ.

ಆ ಯೂಕೆ ಸಂಸ್ಕೃತದಲ್ಲಿ ಮಾಡಿದ ಕೆಲಸವೇ ಬೇರೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಳತೆಗಳನ್ನು ಹೇಳುವ ಅಧ್ಯಾಯವೊಂದಿದೆ. ಅಲ್ಲಿ ಎಂಟು ಲಿಕ್ಷೆಗೆ, ಎಂದರೆ ಎಂಟು ಸೀರಿಗೆ, ಒಂದು ಯೂಕೆ. ಎಂಟು ಯೂಕೆಗೆ ಒಂದು ಜವೆಗೋಧಿಯ ನಡುವಿನ ದಪ್ಪ. ಅಂಥವು ಎಂಟು ಸೇರಿದರೆ ಒಂದು ಅಂಗುಲ. ಲೆಕ್ಕ ಹಾಕಿದರೆ ಒಂದು ಅಂಗುಲಕ್ಕೆ ೬೪ ಹೇನು, ೫೧೨ ಸೀರು. ಕೋಟೆಯ ಗೋಡೆ, ರಾಜಬೀದಿ, ಹೊಲದ ಎಲ್ಲೆ ಎಲ್ಲವನ್ನೂ ಅಳೆಯುವ ಕೋಲಿನ ಮೂಲದಲ್ಲಿ ಹೇನು ಕುಳಿತಿದೆ. ಅಂಗುಲವನ್ನು ಸುಮಾರು ಎರಡು ಸೆಂಟಿಮೀಟರ್ ಎಂದಿಟ್ಟುಕೊಂಡರೆ ಕೌಟಿಲ್ಯನ ಹೇನು ಮಿಲಿಮೀಟರಿನ ಮೂರರಲ್ಲೊಂದು ಪಾಲು ಮಾತ್ರ ಆಗುತ್ತದೆ. ನಿಜವಾದ ಹೇನು ಬೆಳೆದಾಗ ಎಳ್ಳಿನಷ್ಟು, ಎರಡು ಮೂರು ಮಿಲಿಮೀಟರ್ ಇರುತ್ತದೆ. ಶಾಸ್ತ್ರಕಾರರು ಹೇನನ್ನು ಅಳೆದು ನೋಡಿರಲಾರರು. ಕಣ್ಣಿಗೆ ಕಾಣುವ ಸಣ್ಣ ವಸ್ತುಗಳನ್ನು ಸಾಲಾಗಿ ಜೋಡಿಸಿ ಎಂಟರಿಂದ ಗುಣಿಸಿದರು. ಆದರೂ ಆ ಸಾಲಿನಲ್ಲಿ ಹೇನಿಗೂ ಅದರ ಮೊಟ್ಟೆಗೂ ಜಾಗ ಸಿಕ್ಕಿತೆಂದರೆ, ಓದುವ ಪ್ರತಿಯೊಬ್ಬನೂ ಅವನ್ನು ಕಂಡವನೇ ಎಂದಾಯಿತು. ಈ ಗ್ರಂಥದ ಓಲೆಪ್ರತಿ ದೊರೆತದ್ದು ನಮ್ಮ ಮೈಸೂರಿನ ಓರಿಯಂಟಲ್ ಲೈಬ್ರರಿಗೆ, ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅದನ್ನು ಅಚ್ಚು ಹಾಕಿಸಿದರು.

ಪಂಚತಂತ್ರದಲ್ಲಿಯೂ ಒಂದು ಹೇನುಂಟು. ಹೆಸರು ಮಂದವಿಸರ್ಪಿಣಿ, ಮೆಲ್ಲಗೆ ಹರಿಯುವವಳು. ಅರಸನ ಹಾಸಿಗೆಯ ಬಿಳಿಯ ವಸ್ತ್ರದಲ್ಲಿ ಸುಖವಾಗಿದ್ದ ಆಕೆ ತಿಗಣೆಯೊಂದಕ್ಕೆ ಆಶ್ರಯ ಕೊಟ್ಟು, ಅದು ಆತುರಪಟ್ಟು ಅರಸನನ್ನು ಕಚ್ಚಿದ ತಪ್ಪಿಗೆ ತಾನು ಪ್ರಾಣ ಬಿಟ್ಟಳು. ಕಥೆಯ ನೀತಿ ಹಾಗಿರಲಿ. ಹೆಸರಿಟ್ಟವನ ಕಣ್ಣು ಸೂಕ್ಷ್ಮವಾದದ್ದು. ಹೇನು ಹಾರುವುದಿಲ್ಲ, ನೆಗೆಯುವುದಿಲ್ಲ. ಹರಿದು ಹೋಗಬಲ್ಲದು, ಅಷ್ಟೆ. ಇನ್ನು ಗುಜರಾತಿನ ಚಾಲುಕ್ಯ ಅರಸು ಕುಮಾರಪಾಲನ ಕಾಲದ್ದೆಂದು ಮೇರುತುಂಗನ ಪ್ರಬಂಧಚಿಂತಾಮಣಿ ಹೇಳುವ ಕಥೆಯೊಂದಿದೆ. ಆ ಅರಸು ೧೨ನೆಯ ಶತಮಾನದವನು. ಹೇಮಚಂದ್ರಾಚಾರ್ಯರ ಪ್ರಭಾವಕ್ಕೆ ಒಳಗಾಗಿ ಪ್ರಾಣಿವಧೆಯನ್ನು ನಿಷೇಧಿಸಿದ್ದನು. ಶ್ರೀಮಂತ ವರ್ತಕನೊಬ್ಬನ ತಲೆ ಬಾಚುತ್ತಿದ್ದ ಹೆಂಡತಿ ಸಿಕ್ಕಿದ ಹೇನನ್ನು ಅವನ ಕೈಗೆ ಕೊಟ್ಟಳು, ಅವನು ಕುಕ್ಕಿದನು. ದೂರು ಅರಮನೆಗೆ ಹೋಯಿತು. ಅವನ ಹಣದಿಂದಲೇ ಅಣಹಿಲಪುರದಲ್ಲಿ ಒಂದು ಬಸದಿ ಕಟ್ಟಿಸಿದರು. ಅದಕ್ಕೆ ಯೂಕಾವಿಹಾರವೆಂದು ಹೆಸರಾಯಿತು. ದಂಡನೆ ಅತಿಯಾಯಿತೆಂದು ನಮಗೆ ತೋರಬಹುದು. ಆದರೆ ಕೋಟ್ಯಧಿಪತಿಯ ತಲೆಯಲ್ಲಿ ಹೇನಿದ್ದದ್ದು ಕಥೆ ಹೇಳಿದವನಿಗೆ ಅಚ್ಚರಿಯ ವಿಷಯವಾಗಲೇ ಇಲ್ಲ.

ಇದೇ ನಿಸ್ಸಂಕೋಚವನ್ನು ಲಂಡನ್ನಿನ ಸಾಮ್ಯುಯೆಲ್ ಪೀಪ್ಸನಲ್ಲಿಯೂ ಕಾಣಬಹುದು. ಈತ ನೌಕಾಖಾತೆಯ ದೊಡ್ಡ ಅಧಿಕಾರಿ, ದಿನಚರಿ ಬರೆದು ಹೆಸರಾದವನು. ೧೬೬೫ರ ಜನವರಿ ೨೧ರ ರಾತ್ರಿ ಎರಡು ಗಂಟೆಯವರೆಗೆ ಎಚ್ಚರವಿದ್ದು ರಾಬರ್ಟ್ ಹುಕ್ಕನ ಸೂಕ್ಷ್ಮದರ್ಶಕದ ಗ್ರಂಥವನ್ನು ಓದಿದೆನೆಂದು ಬರೆದಿದ್ದಾನೆ. ಆ ಗ್ರಂಥದಲ್ಲಿ ಮಡಿಸಿಟ್ಟ ದೊಡ್ಡ ಹಾಳೆಯ ಮೇಲೆ, ಮನುಷ್ಯನ ಕೂದಲೊಂದನ್ನು ಹಿಡಿದುಕೊಂಡಿರುವ ಹೇನಿನ ಚಿತ್ರವಿದೆ. ನಾಲ್ಕು ವರ್ಷ ಎರಡು ದಿನ ಕಳೆದ ಮೇಲೆ, ೧೬೬೯ರ ಜನವರಿ ೨೩ರಂದು, ಅದೇ ಮಹನೀಯನ ತಲೆಯಲ್ಲಿಯೂ ಮೈಮೇಲೂ ಅವನ ಹೆಂಡತಿ ಇಪ್ಪತ್ತರಷ್ಟು ಹೇನು ಹಿಡಿದಳು. ಇಪ್ಪತ್ತು ವರ್ಷಗಳಲ್ಲಿ ಇಷ್ಟು ಕಂಡಿರಲಿಲ್ಲವೆಂದು ಅವನಿಗೆ ಅಚ್ಚರಿ. ಬಟ್ಟೆ ಬದಲಾಯಿಸಿದ, ಕೂದಲನ್ನು ಗಿಡ್ಡವಾಗಿ ಕತ್ತರಿಸಿಕೊಂಡ. ಅದೇ ಕಾಲದ ಡಚ್ ಚಿತ್ರಕಾರರಾದ ಟೆರ್ ಬೋರ್ಖ್ ಮತ್ತು ಡ ಹೋಖ್ ಮಗುವಿನ ತಲೆಯಲ್ಲಿ ಹೇನು ನೋಡುತ್ತಿರುವ ತಾಯಿಯರನ್ನು ಬರೆದಿದ್ದಾರೆ. ಆ ಮನೆಗಳು ಶುಭ್ರವಾಗಿವೆ, ನೆಲ ಹೊಳೆಯುತ್ತಿದೆ. ಅವರ ದೃಷ್ಟಿಯಲ್ಲಿ ಹೇನು ನೋಡುವುದು ಒಳ್ಳೆಯ ಗೃಹಿಣಿಯ ಲಕ್ಷಣ, ಕೊಳಕಿನ ಗುರುತಲ್ಲ.

ಹಾಗಾದರೆ ನಾಚಿಕೆ ಬಂದದ್ದೆಲ್ಲಿಂದ? ಇದಕ್ಕೆ ಉತ್ತರ ಹೇಳುವ ಮೊದಲು ಹೇನಿನ ಎರಡು ಒಕ್ಕಲುಗಳನ್ನು ಬೇರೆ ಮಾಡಿ ನೋಡಬೇಕು. ಜರ್ಮನಿಯ ಲೈಪ್ಸಿಗ್ ನಗರದಲ್ಲಿ ಮಾರ್ಕ್ ಸ್ಟೋನ್‌ಕಿಂಗ್ ಎಂಬ ವಂಶವಾಹಿಗಳ ವಿಜ್ಞಾನಿ ಇದ್ದರು. ಅವರ ಮಗ ಒಂದು ದಿನ ಶಾಲೆಯಿಂದ ಒಂದು ಚೀಟಿ ತಂದ: ತರಗತಿಯ ಮಗುವೊಂದಕ್ಕೆ ಹೇನಾಗಿದೆ, ನಿಮ್ಮ ಮಗುವಿನ ತಲೆಯನ್ನೂ ನೋಡಿಕೊಳ್ಳಿ. ಮನುಷ್ಯನ ಮೈಯ ಬಿಸಿ ತಪ್ಪಿದರೆ ಹೇನು ಬಹಳ ಹೊತ್ತು ಬದುಕದೆಂದೂ ಅದರಲ್ಲಿ ಬರೆದಿತ್ತು. ನಾವಾಗಿದ್ದರೆ ಔಷಧದ ಅಂಗಡಿಗೆ ಓಡುತ್ತಿದ್ದೆವು. ಅವರಿಗೆ ಹೊಳೆದದ್ದೇ ಬೇರೆ. ತಲೆಯ ಹೇನು ಕೂದಲಲ್ಲಿ ಇರುತ್ತದೆ. ಮೈಹೇನು ಬಟ್ಟೆಯ ಹೊಲಿಗೆಗಳಲ್ಲಿ ಇದ್ದು, ಅಲ್ಲಿಯೇ ಮೊಟ್ಟೆಯಿಟ್ಟು, ರಕ್ತ ಹೀರಲು ಮಾತ್ರ ಮೈಗೆ ಬರುತ್ತದೆ. ಬಟ್ಟೆ ಹುಟ್ಟುವ ಮೊದಲು ಈ ಎರಡನೆಯದು ಇರುವಂತಿಲ್ಲ. ಇವೆರಡೂ ಎಂದು ಬೇರೆಯಾದವೆಂದು ತಿಳಿದರೆ ಮನುಷ್ಯ ಎಂದು ಬಟ್ಟೆ ತೊಟ್ಟನೆಂದೂ ತಿಳಿಯುತ್ತದೆ! ೨೦೦೩ರಲ್ಲಿ ಅವರೂ ಸಂಗಡಿಗರೂ ಪ್ರಕಟಿಸಿದ ಲೆಕ್ಕದಂತೆ ಅದು ಸುಮಾರು ೭೨,೦೦೦ ವರ್ಷಗಳ ಹಿಂದೆ. ೨೦೧೧ರಲ್ಲಿ ಬೇರೆ ವಿಜ್ಞಾನಿಗಳು ಅದನ್ನು ಇನ್ನೂ ಹಿಂದಕ್ಕೆ, ೮೩,೦೦೦ದಿಂದ ೧,೭೦,೦೦೦ ವರ್ಷಗಳವರೆಗೆ ಕೊಂಡೊಯ್ದರು. ಮಂದವಿಸರ್ಪಿಣಿ ಅರಸನ ಹಾಸಿಗೆಯ ವಸ್ತ್ರದಲ್ಲಿ ಇದ್ದಳಲ್ಲವೆ? ಆಕೆ ಈ ಬಟ್ಟೆಯ ಒಕ್ಕಲಿನವಳು.

ಭಯಂಕರವಾದದ್ದು ಈ ಎರಡನೆಯ ಒಕ್ಕಲು. ಮೈಸೂರಿನಲ್ಲಿ ಅರ್ಥಶಾಸ್ತ್ರ ಅಚ್ಚಾದ ಅದೇ ೧೯೦೯ರಲ್ಲಿ ಟ್ಯೂನಿಸ್ ನಗರದ ಶಾರ್ಲ್ ನಿಕೋಲ್ ಎಂಬ ವೈದ್ಯರು ಟೈಫಸ್ ಜ್ವರವನ್ನು ಹರಡುವುದು ಮೈಹೇನು ಎಂದು ತೋರಿಸಿದರು. ಆಸ್ಪತ್ರೆಯ ಬಾಗಿಲಲ್ಲಿ ರೋಗಿಯ ಬಟ್ಟೆ ತೆಗೆಸಿ ಸ್ನಾನ ಮಾಡಿಸಿ ಒಳಗೆ ಬಿಟ್ಟ ಮೇಲೆ ರೋಗ ಇನ್ನೊಬ್ಬರಿಗೆ ಅಂಟದಿರುವುದನ್ನು ಅವರು ಗಮನಿಸಿದ್ದರು. ೧೯೨೮ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಮೊದಲನೆಯ ಮಹಾಯುದ್ಧದಲ್ಲಿಯೂ ಅನಂತರ ರಷ್ಯದಲ್ಲಿಯೂ ಟೈಫಸ್ ಲಕ್ಷಗಟ್ಟಲೆ ಜನರನ್ನು ಕೊಂದಿತು. ತಲೆಯ ಹೇನು ಕೆರೆತ ಕೊಡುತ್ತದೆ, ನಿದ್ದೆ ಕೆಡಿಸುತ್ತದೆ. ಆದರೆ ಆ ರೋಗಗಳನ್ನು ಊರಿನಲ್ಲಿ ಹರಡಿಸುವ ಅಪಕೀರ್ತಿ ಅದರದಲ್ಲ. ಜನಕ್ಕೆ ಈ ಭೇದ ತಿಳಿಯಲಿಲ್ಲ. ಹೇನೆಂದರೆ ರೋಗ, ರೋಗವೆಂದರೆ ಕೊಳಕು, ಕೊಳಕೆಂದರೆ ಬಡವ ಎಂದು ಒಂದಕ್ಕೊಂದು ಗಂಟು ಬಿದ್ದಿತು. ಆ ಗಂಟು ಎಲ್ಲಿಯವರೆಗೆ ಹೋಯಿತೆಂದರೆ, ಎರಡನೆಯ ಮಹಾಯುದ್ಧದಲ್ಲಿ ನಾಟ್ಸಿಗಳು ಆಕ್ರಮಿಸಿದ ಪೋಲೆಂಡಿನಲ್ಲಿ ಯೆಹೂದಿಗಳನ್ನೂ ಹೇನನ್ನೂ ಟೈಫಸ್ಸನ್ನೂ ಒಂದೇ ಉಸಿರಿನಲ್ಲಿ ಹೆಸರಿಸುವ ಭಿತ್ತಿಪತ್ರಗಳನ್ನು ಗೋಡೆಗಳಿಗೆ ಹಚ್ಚಿದರು. ಬಟ್ಟೆಯ ಹೇನು ಕೊಲ್ಲಲು ಬಳಸುತ್ತಿದ್ದ ಝೈಕ್ಲಾನ್-ಬಿ ವಿಷವನ್ನೇ ಮುಂದೆ ಮನುಷ್ಯರ ಮೇಲೆ ಪ್ರಯೋಗಿಸಿದರು. "ಯಾರಿಂದ ಬಂತು?" ಎಂಬ ಪ್ರಶ್ನೆಯನ್ನು ಒಂದು ಸರ್ಕಾರ ಕೈಗೆತ್ತಿಕೊಂಡರೆ ಏನಾಗಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇಂಗ್ಲೆಂಡಿನಲ್ಲಿ ನಡೆದದ್ದು ಅಷ್ಟು ಘೋರವಲ್ಲ, ಆದರೆ ನಮಗೆ ಹೆಚ್ಚು ಹತ್ತಿರ. ೧೯೩೯ರಲ್ಲಿ ಬಾಂಬಿಗೆ ಹೆದರಿ ನಗರದ ಮಕ್ಕಳನ್ನು ಹಳ್ಳಿಗಳಿಗೆ ಸಾಗಿಸಿದಾಗ, ಅವರನ್ನು ಮನೆಯೊಳಗೆ ಸೇರಿಸಿಕೊಂಡವರು ಹೇನು ಹೇನು ಎಂದು ಬೊಬ್ಬೆಯಿಟ್ಟರು. ೧೯೦೭ರ ಕಾನೂನಿನಿಂದ ಶಾಲೆಗಳಲ್ಲಿ ವೈದ್ಯ ತಪಾಸಣೆ ನಡೆಯುತ್ತಲೇ ಇತ್ತು. ಅದರ ಅಂಕಿಗಳು ಪರಿಸ್ಥಿತಿ ಬಹಳ ಉತ್ತಮವೆಂದು ಹೇಳುತ್ತಿದ್ದವು. ಕೆನೆತ್ ಮೆಲ್ಯಾನ್ಬಿ ಎಂಬ ಕೀಟಶಾಸ್ತ್ರಜ್ಞರು ಆಸ್ಪತ್ರೆಗಳ ದಾಖಲೆಗಳನ್ನು ತೆಗೆದು ನೋಡಿ ೧೯೪೧ರಲ್ಲಿ ಬರೆದರು: ಕೈಗಾರಿಕಾ ನಗರಗಳ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮಂದಿಗೆ ಹೇನಿತ್ತು. ನಾಚಿಕೆ ಹೇನನ್ನು ಕಡಮೆ ಮಾಡಿರಲಿಲ್ಲ. ಲೆಕ್ಕವನ್ನು ಮಾತ್ರ ಕಡಮೆ ಮಾಡಿತ್ತು ಎಂದು ನಾನು ಭಾವಿಸುತ್ತೇನೆ.

ಅಂಥದೇ ಒಂದು ಚೀಟಿ ಹೋದ ವರ್ಷ ನಮ್ಮ ಮನೆಗೂ ಬಂದಿತು. ಮಗಳ ತರಗತಿಯಲ್ಲಿ ಕೆಲವರಿಗೆ ಹೇನಾಗಿದೆಯೆಂದೂ, ತಲೆ ಶುದ್ಧವಾಗುವವರೆಗೆ ಅಂಥವರನ್ನು ಶಾಲೆಗೆ ಕಳಿಸಬಾರದೆಂದೂ ಒಕ್ಕಣೆ. ಮನೆಯಲ್ಲಿ ಎದ್ದ ಮೊದಲ ಮಾತು, ಎಲ್ಲ ಮನೆಗಳಲ್ಲಿ ಏಳುವಂತೆ, ಯಾರಿಂದ ಬಂತು ಎಂಬುದೇ. ನಮ್ಮ ಮನೆಗೆಲಸಕ್ಕೆ ಬರುವಾಕೆಗೆ ಒಬ್ಬ ಮಗಳಿದ್ದಾಳೆ. ರಜೆಯ ದಿನ ತಾಯಿಯ ಜೊತೆ ಬಂದು ನಮ್ಮ ಹುಡುಗಿಯೊಡನೆ ಆಡುತ್ತಾಳೆ. ಯಾರೂ ಹೆಸರು ಹೇಳಲಿಲ್ಲ. ಎಲ್ಲರ ಕಣ್ಣೂ ಅತ್ತ ತಿರುಗಿತು. ಆಕೆ ಅಲ್ಲಿಯೇ ಪಾತ್ರೆ ತೊಳೆಯುತ್ತಿದ್ದಳು. ನಲ್ಲಿ ನಿಲ್ಲಿಸಿ, "ಅಮ್ಮಾ, ನಾಳೆಯಿಂದ ಅವಳನ್ನ ಕರಕೊಂಡು ಬರಾಕಿಲ್ಲ" ಎಂದಳು. ಆಗ ನಮ್ಮ ತಾಯಿ, "ಯಾರಿಂದ ಬಂತು ಅನ್ನೋದು ಆಮೇಲಾಯ್ತು. ಲೋ, ಅಟ್ಟದ ಮೇಲೆ ನನ್ನ ಹಳೇ ಸೀರಣಿಗೆ ಇದೆ ನೋಡು, ತೆಗಿ" ಎಂದು ನನಗೆ ಹೇಳಿದರು.

ಆ ಪ್ರಶ್ನೆಗೆ ಉತ್ತರವೇ ಇಲ್ಲವೆಂಬುದು ವೈದ್ಯಶಾಸ್ತ್ರದ ಅಭಿಪ್ರಾಯವೂ ಹೌದು. ಮೊದಲ ಸಲ ಹೇನು ಹತ್ತಿದವರಿಗೆ ಕೆರೆತ ಶುರುವಾಗಲು ನಾಲ್ಕರಿಂದ ಆರು ವಾರ ಬೇಕಾಗುತ್ತದೆ. ಅಷ್ಟರಲ್ಲಿ ಮಗು ಯಾರ ತಲೆಗೆ ತಲೆ ಸೇರಿಸಿ ಚಿತ್ರ ಬರೆಯಿತು, ಯಾರ ಪಕ್ಕದಲ್ಲಿ ಮಲಗಿತು, ಯಾರು ನೆನಪಿಟ್ಟಾರು? ಮೊದಲು ಕಂಡವಳು ಮೊದಲು ಹೊತ್ತವಳೆಂದಲ್ಲ. ಹೆಣ್ಣು ಹೇನು ದಿನಕ್ಕೆ ಎಂಟರಷ್ಟು ಮೊಟ್ಟೆಯಿಟ್ಟು ಕೂದಲ ಬುಡಕ್ಕೆ ಅಂಟಿಸುತ್ತದೆ. ಒಂದು ವಾರ ಹತ್ತು ದಿನಗಳಲ್ಲಿ ಅವು ಒಡೆಯುತ್ತವೆ. ತಲೆಯಿಂದ ಬಿದ್ದ ಹೇನು ಒಂದೆರಡು ದಿನದಲ್ಲಿ ಸಾಯುತ್ತದೆ. ಆದ್ದರಿಂದ ದಿಂಬಿನ ಗವಸು, ಹೊದಿಕೆ, ಟವೆಲುಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿದರೆ ಸಾಕು. ಮಂಚ ಮೇಜು ಹೊರಗೆ ಹಾಕುವ ಗದ್ದಲ ಬೇಡ.

ಮನೆಮದ್ದುಗಳಲ್ಲಿ ನಿರಪಾಯವಾದದ್ದೂ ಉಂಟು, ಅಪಾಯವಾದದ್ದೂ ಉಂಟು. ಎಣ್ಣೆ ಹಚ್ಚಿ ಬಾಚುವುದರಿಂದ ಕೆಡುಕಿಲ್ಲ. ಸೀಮೆಎಣ್ಣೆ ಹಚ್ಚಿ ಚರ್ಮ ಸುಟ್ಟುಕೊಂಡವರಿದ್ದಾರೆ; ದೀಪದ ಬಳಿ ಹೋಗಿ ಪ್ರಾಣಕ್ಕೆ ತಂದುಕೊಂಡವರೂ ಉಂಟು. ಸೀತಾಫಲದ ಬೀಜದ ಪುಡಿ ಹೇನನ್ನು ಕೊಲ್ಲುವುದೇನೋ ನಿಜ, ಆದರೆ ಕಣ್ಣಿಗೆ ಬಿದ್ದರೆ ಕಣ್ಣಿಗೇ ಕೇಡು. ಹೊಸ ಮದ್ದುಗಳ ಚರಿತ್ರೆಯೂ ಏಳುಬೀಳಿನದೇ. ೧೯೪೩-೪೪ರ ಚಳಿಗಾಲದಲ್ಲಿ ನೇಪಲ್ಸ್ ನಗರದ ಟೈಫಸ್ಸನ್ನು ಡಿಡಿಟಿ ಪುಡಿ ಅಡಗಿಸಿತು. ಕೊರಿಯಾ ಯುದ್ಧದ ವೇಳೆಗೆ ಅದಕ್ಕೆ ಬಗ್ಗದ ಹೇನುಗಳು ಹುಟ್ಟಿಕೊಂಡಿದ್ದವು. ಮುಂದೆ ಬಂದ ಪರ್ಮೆತ್ರಿನ್ನಿಗೂ ಅನೇಕ ದೇಶಗಳಲ್ಲಿ ಇದೇ ಗತಿಯಾಯಿತು. ಹಣಿಗೆಯನ್ನು ಗೆದ್ದ ಹೇನು ಮಾತ್ರ ಈ ೩,೭೦೦ ವರ್ಷಗಳಲ್ಲಿ ಹುಟ್ಟಿದಂತಿಲ್ಲ.

ಶಾಲೆಯ ಚೀಟಿಗೆ ನಾನು ಉತ್ತರ ಬರೆದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ೨೦೧೦ರಲ್ಲಿಯೂ ಮತ್ತೆ ೨೦೧೫ರಲ್ಲಿಯೂ, ಹೇನಿನ ಕಾರಣಕ್ಕಾಗಿ ಆರೋಗ್ಯವಂತ ಮಗುವನ್ನು ಶಾಲೆಯಿಂದ ಹೊರಗಿಡಬಾರದು, ಸೀರು ಪೂರ್ತಿ ಹೋಗಲಿ ಎಂದು ಕಾಯಿಸಲೂ ಬಾರದು ಎಂದು ಹೇಳಿರುವುದನ್ನು ತಿಳಿಸಿದೆ. ಚೀಟಿ ಬರುವ ಹೊತ್ತಿಗೆ ಆ ಮಗು ವಾರಗಳಿಂದ ಹೇನು ಹೊತ್ತು ತರಗತಿಯಲ್ಲಿ ಕುಳಿತೇ ಇರುತ್ತದೆ. ಇನ್ನೊಂದು ಮಧ್ಯಾಹ್ನದಿಂದ ಲೋಕ ಮುಳುಗುವುದಿಲ್ಲ. ಮನೆಗೆ ಕಳಿಸಿದರೆ ಪಾಠ ಹೋಗುತ್ತದೆ, ಮರಳಿ ಬಂದಾಗ ಅಡ್ಡಹೆಸರು ಕಾದಿರುತ್ತದೆ. ನಾಲ್ಕು ದಿನದ ಮೇಲೆ ಎರಡನೆಯ ಚೀಟಿ ಬಂದಿತು. ಅದರಲ್ಲಿ ಕಳಿಸಬಾರದೆಂಬ ಮಾತು ಇರಲಿಲ್ಲ.

ಅಷ್ಟರಲ್ಲಿ ಹಿತ್ತಲಲ್ಲಿ ನಮ್ಮ ತಾಯಿಯ ಕೆಲಸ ಸಾಗಿತ್ತು. ಮೆಟ್ಟಲಿನ ಮೇಲೆ ಬಿಳಿಯ ಪಂಚೆ ಹಾಸಿ, ಕೊಬ್ಬರಿ ಎಣ್ಣೆ ಹಚ್ಚಿದ ತಲೆಗಳನ್ನು ಒಂದೊಂದಾಗಿ ಮುಂದೆ ಕೂರಿಸಿಕೊಂಡು, ಬುಡದಿಂದ ತುದಿಯವರೆಗೆ ಎಳೆಎಳೆಯಾಗಿ ಬಾಚಿದರು. ಹೇನು ನಮ್ಮ ಹುಡುಗಿಯಲ್ಲಿಯೂ ಸಿಕ್ಕಿತು, ಆ ಹುಡುಗಿಯಲ್ಲಿಯೂ ಸಿಕ್ಕಿತು, ನನ್ನ ಹೆಂಡತಿಯ ತಲೆಯಲ್ಲಿಯೂ ಎರಡು ಸಿಕ್ಕಿದವು. ನನ್ನ ತಲೆಯಲ್ಲಿ ಏನೂ ಸಿಗಲಿಲ್ಲ. ಹೇನಿಗೆ ಹಿಡಿಯಲು ಅಲ್ಲಿ ಹೆಚ್ಚು ಕೂದಲೂ ಇಲ್ಲ. ಮೂರು ದಿನಕ್ಕೊಮ್ಮೆಯಂತೆ ಎರಡು ವಾರ ಇದು ನಡೆಯಿತು. ಎರಡನೆಯ ಸಲ ಕೂತಾಗ ಕೆಲಸದಾಕೆ ಕಂಬ ಹಿಡಿದು ನೋಡುತ್ತ ನಿಂತಿದ್ದಳು. "ನೀನೂ ಕೂತ್ಕೊ ಬಾರಮ್ಮ, ನಿನ್ನ ತಲೆ ನೋಡೋರು ಯಾರು?" ಎಂದು ನಮ್ಮ ತಾಯಿ ಕರೆದರು. ಆಕೆ ಸೆರಗಿಗೆ ಕೈ ಒರೆಸಿಕೊಂಡು, ಜಡೆ ಬಿಚ್ಚಿ, ಒಂದು ಮೆಟ್ಟಲು ಕೆಳಗೆ ಕುಳಿತಳು. ಐದನೆಯ ಸಲಕ್ಕೆ ಪಂಚೆಯ ಮೇಲೆ ಎಣ್ಣೆಯ ಕಲೆಯಲ್ಲದೆ ಬೇರೇನೂ ಬೀಳಲಿಲ್ಲ.